ಮೂರು ತೂತಿನ ವೈರನ್ನು ನಾಲ್ಕು ಪಿನ್ನಿಗೆ ಚುಚ್ಚಿದ್ದರ ಬಗ್ಗೆ ದೂರು

ಗದಗ
18-11-2025

ಇವರಿಗೆ,
ಮಾಲೀಕರು ಮತ್ತು ಸರ್ವಿಸ್ ವಿಭಾಗದ ಮುಖ್ಯಸ್ಥರು,
ಹುಬ್ಬಳ್ಳಿ

ವಿಷಯ: ನನ್ನ ಕಂಪ್ಯೂಟರ್ ಕ್ಯಾಬಿನೆಟ್ ಒಳಗಿನ ಲೈಟುಗಳನ್ನು ನಿಮ್ಮವರು ಸುಟ್ಟಿದ್ದು, ಸುಟ್ಟವನು ನಾನೇ ಎಂದು ಹೇಳಿದ್ದು.

ಮಾನ್ಯರೇ,

ಒಂಬತ್ತು ಸಲ ಫೋನ್ ಮಾಡಿದೆ. ಆರು ಸಲ ನಿಮ್ಮ ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದರು, ಅದರಲ್ಲಿ ಒಂದು ಸಲ ಬೆಳಿಗ್ಗೆ ಹತ್ತೂವರೆಗೆ. ಎರಡು ಸಲ "ಬರ್ಕೊಂಡೀನ್ರಿ ಸರ್" ಎಂಬ ಉತ್ತರ ಬಂತು. ಒಂದು ಸಲ ಯಾರೂ ಎತ್ತಲೇ ಇಲ್ಲ. ಹಾಗಾಗಿ ಈಗ ಸ್ಪೀಡ್ ಪೋಸ್ಟ್. ಇದಕ್ಕೆ ಸಹಿ ಮಾಡಿ ತೆಗೆದುಕೊಳ್ಳಲು ಯಾರಾದರೂ ಅಂಗಡಿಯಲ್ಲಿ ಇರುತ್ತಾರೆ ಅಂದುಕೊಂಡಿದ್ದೇನೆ.

ನಾನು ಗದಗದಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಇಷ್ಟೇ ನನ್ನ ಕೆಲಸ. ಅಕ್ಟೋಬರ್ 16ರಂದು ನಿಮ್ಮಲ್ಲಿ 74,300 ರೂಪಾಯಿ ಕೊಟ್ಟು ಹೊಸ ಮಷೀನ್ ಕೊಂಡೆ. ಒಂದು ಬದಿಗೆ ಗಾಜಿನ ಬಾಗಿಲಿನ ಕ್ಯಾಬಿನೆಟ್. ಒಳಗೆ ಲೈಟಿನ ಮೂರು ಫ್ಯಾನು, ಎರಡು ಪಟ್ಟಿ ಲೈಟು. ಲೈಟು ಯಾಕೆ ಅಂತ ನೀವು ಕೇಳಬಾರದು. ಆದರೂ ನಿಮ್ಮವರು ಕೇಳಿದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಾರುವಾಗ ನಿಮ್ಮ ಸೇಲ್ಸ್ ಹುಡುಗ ಬಹಳ ಚೆನ್ನಾಗಿ ತಿಳಿಸಿ ಹೇಳಿದ. ಇದನ್ನು ಮರೆಯಬೇಡಿ. ನಾಲ್ಕು ಪಿನ್ನಿನ ಲೈಟು 12 ವೋಲ್ಟಿನದು, ಅಗ್ಗ, ಆದರೆ ಕೆಂಪು ಹಚ್ಚಿದರೆ ಪಟ್ಟಿ ಪೂರ್ತಿ ಕೆಂಪು, ಹಳದಿ ಹಚ್ಚಿದರೆ ಪೂರ್ತಿ ಹಳದಿ. ಮೂರು ಪಿನ್ನಿನದು 5 ವೋಲ್ಟಿನದು, ಅದರಲ್ಲಿ ಒಂದೊಂದು ಲೈಟಿಗೂ ಬೇರೆ ಬೇರೆ ಬಣ್ಣ ಕೊಡಬಹುದು. ರಾಜ್ಯೋತ್ಸವಕ್ಕೆ ಮೇಲೆ ಹಳದಿ, ಕೆಳಗೆ ಕೆಂಪು ಹಚ್ಚಿ ಕೌಂಟರ್ ಮೇಲೆ ಇಡೋಣ ಅಂತ ನನ್ನ ಆಸೆ. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಮೂರು ಪಿನ್ನಿನದೇ ತೆಗೆದುಕೊಂಡೆ. ಅಂದರೆ ಮೂರಕ್ಕೂ ನಾಲ್ಕಕ್ಕೂ ಏನು ವ್ಯತ್ಯಾಸ ಅಂತ ನಿಮ್ಮ ಅಂಗಡಿಗೆ ಗೊತ್ತು. ಮಾರುವ ಹೊತ್ತಿಗಂತೂ ಗೊತ್ತಿತ್ತು.

ಜೋಡಿಸಲು ನಿಮ್ಮ ಟೆಕ್ನಿಷಿಯನ್ ಬಂದದ್ದು ದೀಪಾವಳಿ ಅಮಾವಾಸ್ಯೆ ದಿನ, ಅಂಗಡಿ ಪೂಜೆಯ ಹೊತ್ತಿಗೇ. ಮಷೀನಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಇಟ್ಟಿದ್ದೆವು. ಆತ ಮಾಲೆ ಸರಿಸಿ, ಗಾಜು ಬಿಚ್ಚಿ, ಹತ್ತು ನಿಮಿಷ ತಲೆ ಒಳಗೆ ಹಾಕಿಕೊಂಡು ಕೂತ. ವೈರು ಹೋಗುತ್ತಿರಲಿಲ್ಲ. ಹಲ್ಲು ಕಚ್ಚಿ ಒತ್ತಿದ. ಬಟನ್ ಒತ್ತಿದ ಕೂಡಲೇ ಲೈಟು ಒಮ್ಮೆ ಝಗ್ಗನೆ ಮಿಂಚಿದವು. ನನ್ನ ಹೆಂಡತಿ ಕೈ ಮುಗಿದಳು. ಮುಗಿದ ಕೈ ಇಳಿಸುವುದರೊಳಗೆ ಆರಿದವು. ಸುಟ್ಟ ವಾಸನೆ ಬಂತು. ಕರ್ಪೂರದ್ದು ಇರಬೇಕು ಅಂದುಕೊಂಡೆವು. "ಸಾಫ್ಟ್‌ವೇರ್ ಅಪ್‌ಡೇಟ್ ಆಗಬೇಕ್ರಿ, ನಾಳೆ ತಾನ ಹತ್ತತಾವ" ಎಂದು ಹೇಳಿ ಆತ 1,200 ರೂಪಾಯಿ ಫೋನಿನಲ್ಲಿ ಹಾಕಿಸಿಕೊಂಡು ಹೋದ. ರಸೀದಿ ಕೇಳಿದೆ. ಅದೂ ನಾಳೆ ಬರುತ್ತದೆ ಅಂದ. ಎರಡೂ ಇನ್ನೂ ಬಂದಿಲ್ಲ.

ನವೆಂಬರ್ 1, ಶನಿವಾರ. ಮಷೀನನ್ನು ಚಾದರಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದರು. ನೋಡಿ, ಓಡುವ ಬಸ್ಸಿನಲ್ಲಿ ನಿಂತೂ ರಸೀದಿ ಕೊಡಬಹುದು.

ನಿಮ್ಮ ಬಾಗಿಲಿಗೆ ಕನ್ನಡದ ಬಾವುಟ ಕಟ್ಟಿತ್ತು. ಟೋಕನ್ ನಂಬರ್ 7. ನನ್ನ ಮುಂದೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡ ನಾಲ್ಕು ಕಾಲೇಜು ಹುಡುಗರು. ಐವತ್ತು ನಿಮಿಷ ಆದ ಮೇಲೆ ಕಪ್ಪು ಟೀ ಶರ್ಟಿನ ನಿಮ್ಮ ಸರ್ವಿಸಿನವರು ಹೊರಗೆ ಬಂದರು. ಮಷೀನು ಮುಟ್ಟಲಿಲ್ಲ. ಗಾಜಿನ ಹೊರಗಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿದರು.

"ಕಾಕಾ, ಮನ್ಯಾಗ ಹುಡುಗರು ಯಾರರ ಕೈ ಹಾಕ್ಯಾರೇನು?"

"ಇಲ್ರೀ. ಮನ್ಯಾಗ ಸಣ್ಣ ಹುಡುಗರ ಇಲ್ಲ."

"ಅಂದ್ರ ನೀವ ಹಾಕೀರಿ."

"ನಿಮ್ಮ ಮನಶ್ಯಾನ ಬಂದು ಜೋಡಿಸಿದ್ದು. ನಾ ಗಾಜು ಸೈತ ಬಿಚ್ಚಿಲ್ಲ."

"ಎಲ್ಲಾರೂ ಹಂಗ ಅಂತಾರ್ರಿ." ಹೀಗೆಂದು ಹುಡುಗರ ಕಡೆ ತಿರುಗಿ ನಕ್ಕರು. ಆಮೇಲೆ ಬಂತು ಆ ಮಾತು: "ಈ ವಯಸ್ಸಿನ್ಯಾಗ ನಿಮಗ ಲೈಟಿನ ಕಂಪ್ಯೂಟರ್ ಯಾಕ ಬೇಕಾಗಿತ್ರಿ? ಜಾತ್ರಿ ಮಾಡವರಿದ್ರೇನು?"

ನಾಲ್ಕೂ ಹುಡುಗರು ನಕ್ಕರು. ಒಬ್ಬ ನಗಲೆಂದೇ ಕಿವಿಯಿಂದ ಇಯರ್‌ಫೋನ್ ತೆಗೆದ. ನಾನೂ ನಕ್ಕೆ. ಅದು ನನಗೆ ಇವತ್ತಿಗೂ ಚುಚ್ಚುತ್ತಿದೆ, ನಾನು ಯಾಕೆ ನಕ್ಕೆ ಅಂತ.

ಆ ಮೇಲೆ ಮಷೀನು ಒಳಗೆ ಹೋಯಿತು. ಕಾಲು ಗಂಟೆಗೆ ಒಳಗಿನಿಂದ ಯಾರೋ ಕೂಗಿದರು: "ಲೈಟ್ ಕಾಕಾ ಯಾರ್ರೀ? ಲೈಟ್ ಕಾಕಾ!" ಟೋಕನ್ ನಂಬರ್ ಕೊಟ್ಟದ್ದು ಯಾತಕ್ಕೆ? 7 ಎಂದು ಕೂಗಲು ಬರುವುದಿಲ್ಲವೇ? ಎದ್ದು ಹೋದೆ. ಏಳದೆ ಇದ್ದರೆ ಮಷೀನು ಸಿಗುತ್ತಿರಲಿಲ್ಲ. ಅದರ ಮೇಲೆ ಒಂದು ಚೀಟಿ ಅಂಟಿಸಿ ಕೊಟ್ಟರು: "ಫಿಜಿಕಲ್ ಡ್ಯಾಮೇಜ್. ವಾರಂಟಿ ಇಲ್ಲ." ಬಾವುಟದ ಬಣ್ಣ ಹಚ್ಚಬೇಕೆಂದು ಕೊಂಡ ಮಷೀನನ್ನು, ಬಾವುಟದ ದಿನವೇ, ಚಾದರಿನಲ್ಲಿ ಸುತ್ತಿಕೊಂಡು ವಾಪಸ್ ಬಂದೆ.

ಆ ರಾತ್ರಿ ಮೊದಲ ಸಲ ನಾನೇ ಗಾಜು ಬಿಚ್ಚಿದೆ. ನನ್ನ ಹತ್ತಿರ ಅಚ್ಚಿನ ಚುಕ್ಕಿ ನೋಡುವ ಭೂತಗನ್ನಡಿ ಇದೆ. ಪ್ರಿಂಟಿಂಗಿನವರ ಕೈಯಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಹಿಡಿದು, ಮದರ್‌ಬೋರ್ಡಿನ (ಒಳಗಿನ ವೈರೆಲ್ಲ ಬಂದು ಸೇರುವ ದೊಡ್ಡ ಬೋರ್ಡು) ಪುಸ್ತಕ ಪಕ್ಕಕ್ಕೆ ಇಟ್ಟುಕೊಂಡು ನೋಡಿದೆ. ನಿಮ್ಮ ಟೆಕ್ನಿಷಿಯನ್ ಲೈಟಿನ ವೈರನ್ನು ಚುಚ್ಚಿದ್ದು 12 ವೋಲ್ಟಿನ ನಾಲ್ಕು ಪಿನ್ನಿನ ಜಾಗಕ್ಕೆ. ಆ ವೈರಿನ ತುದಿಯಲ್ಲಿ ನಾಲ್ಕು ತೂತಿನ ಜಾಗ ಇದ್ದರೂ ಮೂರನೆಯದು ಬೇಕೆಂದೇ ಮುಚ್ಚಿರುತ್ತದೆ, ಯಾರೂ ತಪ್ಪಿ ಅಲ್ಲಿ ಚುಚ್ಚಬಾರದು ಅಂತ. ಹಾಗಾಗಿ ಬೋರ್ಡಿನ ಮೂರನೇ ಪಿನ್ನು ಮಲಗಿದೆ, ಗಾಳಿಗೆ ಜೋಳದ ದಂಟು ಮಲಗುತ್ತದಲ್ಲ, ಹಾಗೆ. ಮೊದಲನೇ ಪಿನ್ನಿನಲ್ಲಿದ್ದ 12 ವೋಲ್ಟು ನೆಟ್ಟಗೆ 5 ವೋಲ್ಟಿನ ಲೈಟಿಗೆ ಹೋಗಿದೆ. ಸರಿಯಾದ ಮೂರು ಪಿನ್ನಿನ ಜಾಗ ಅದೇ ಬೋರ್ಡಿನ ಇನ್ನೊಂದು ಅಂಚಿನಲ್ಲಿ ಖಾಲಿ ಕೂತಿದೆ. ಧೂಳು ಸೈತ ಬಿದ್ದಿಲ್ಲ. ಫ್ಯಾನುಗಳು ಮಾತ್ರ ಸುಮ್ನೆ ತಿರುಗುತ್ತಿವೆ, ಅವುಗಳ ಮೋಟಾರಿಗೆ ಬೇರೆ ವೈರು ಇದೆಯಲ್ಲ. ಆ ವೈರಾದರೂ ಸರಿಯಾದ ಜಾಗಕ್ಕೆ ಹೋಗಿದೆ. ಅದಕ್ಕೆ ಧನ್ಯವಾದ.

ಇನ್ನು ನಿಮ್ಮ ಬಿಲ್ಲಿನ ವಿಷಯ. ಕೆಳಗೆ "ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂದಿದೆ. ಪಕ್ಕದಲ್ಲಿ "ವ್ಯಾಜ್ಯಗಳು ಹುಬ್ಬಳ್ಳಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ" ಎಂದಿದೆ. ಸ್ವಾಮೀ, ಈ ಎರಡು ಸಾಲನ್ನು ನಾನೇ ಎಷ್ಟು ಬಿಲ್ ಬುಕ್ಕಿಗೆ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ಗಿರಾಕಿ ಕೇಳದಿದ್ದರೂ ನಾನೇ ಹಾಕಿಕೊಟ್ಟಿದ್ದೇನೆ, ಜಾಗ ಖಾಲಿ ಕಾಣಬಾರದು ಅಂತ. ಅದಕ್ಕೆ ಎಷ್ಟು ಬೆಲೆ ಅಂತ ನನಗೆ ಗೊತ್ತಾದದ್ದು ಈಗ. ನಿಮಗೆ ಮೊದಲೇ ಗೊತ್ತಿರಲೇಬೇಕು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರಲ್ಲಿ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ. ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದೂ ಅದೇ. ನಾನು ನಿಮ್ಮ ಅಂಗಡಿಗೆ ಬಂದದ್ದು ಕೊಂಡ ಹದಿನಾರನೇ ದಿನಕ್ಕೆ. "ಧಂದೆಗೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ" ಎನ್ನಬೇಡಿ. ಹೊಟ್ಟೆಪಾಡಿಗೆ ಸ್ವಂತ ಕೂತು ದುಡಿಯುವವನೂ ಆ ಕಾಯ್ದೆಯಲ್ಲಿ ಗ್ರಾಹಕನೇ.

ಲೈಟು, ಫ್ಯಾನು ಸೇರಿ 4,650 ರೂಪಾಯಿ, ಟೆಕ್ನಿಷಿಯನ್ ಬಂದ 1,200, ಒಟ್ಟು 5,850. ಅದರ ಜೊತೆ ಬೋರ್ಡಿನ ಪಿನ್ನು ನಿಮ್ಮ ಖರ್ಚಿನಲ್ಲಿ ಸರಿ ಆಗಬೇಕು. ಹದಿನೈದು ದಿನ ಕಾಯುತ್ತೇನೆ.

ನಿಜ ಹೇಳಬೇಕೆಂದರೆ ನೀವು ಕೊಡದಿದ್ದರೇ ನನಗೆ ಖುಷಿ. ದೂರು ಕೊಡಲು ನಾನು ಹುಬ್ಬಳ್ಳಿಗೆ ಬರಬೇಕಾಗಿಲ್ಲ, ನಾನಿರುವ ಗದಗ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಹಾಕಬಹುದು. ಮಾಲಿಗೆ ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷ ಸಮಯ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿದೆ, ಎತ್ತುತ್ತಾರೆ. ಈ ಸಲ ಮಷೀನನ್ನು ತೊಡೆ ಮೇಲೆ ಇಟ್ಟುಕೊಂಡು, ಅಣ್ಣಿಗೇರಿ ಮೇಲೆ ಬಸ್ಸಿನಲ್ಲಿ ಬರುವ ಸರದಿ ನಿಮ್ಮದು. ಆಯೋಗದಲ್ಲಿ ನನ್ನ ಹೆಸರು ಕೂಗುವಾಗ ಲೈಟ್ ಕಾಕಾ ಅಂತ ಕೂಗುವುದಿಲ್ಲ. ಪೂರ್ತಿ ಹೆಸರು, ತಂದೆಯ ಹೆಸರು ಸಹಿತ ಕೂಗುತ್ತಾರೆ.

ಇಂತಿ,
ಟೋಕನ್ ನಂಬರ್ 7

ಲಗತ್ತು: ಬಿಲ್ಲಿನ ಝೆರಾಕ್ಸ್, ಫೋನಿನಲ್ಲಿ ಹಣ ಹಾಕಿದ್ದರ ಪ್ರಿಂಟು, ಮಲಗಿದ ಪಿನ್ನಿನ ದೊಡ್ಡದು ಮಾಡಿದ ಫೋಟೋ ಎರಡು ಪ್ರತಿ (ಒಂದನ್ನು ಕಟ್ಟು ಹಾಕಿಸಿ ಕೌಂಟರಿನಲ್ಲಿ ಇಟ್ಟುಕೊಳ್ಳಿ).

ತಾ.ಕ.: ನಿಮ್ಮ ಟೆಕ್ನಿಷಿಯನ್ ಆವತ್ತು ಒಂದು ಸ್ಕ್ರೂಡ್ರೈವರ್ ಬಿಟ್ಟುಹೋಗಿದ್ದಾನೆ. ಹಿಡಿ ಕೆಂಪು, ತುದಿಗೆ ಅಯಸ್ಕಾಂತ ಇದೆ, ಮಾಲು ಚೆನ್ನಾಗಿದೆ. ಒಮ್ಮೆ ಬಿಟ್ಟುಹೋದ ಮಾಲನ್ನು ವಾಪಸ್ ಕೊಡುವುದಿಲ್ಲ.