ಅಂಚಿನವರೆಗಲ್ಲ, ಮುಚ್ಚಳದವರೆಗೆ ಅಳೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಚೀನೀ ಚಹಾದ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಬರಹ ಸೊಗಸಾಗಿತ್ತು, ಚಿತ್ರಗಳು ಇನ್ನೂ ಸೊಗಸು. ಆದರೆ ಕೊನೆಯಲ್ಲಿ ‘ಮನೆಯಲ್ಲಿ ನಾಲ್ಕು ಜನರಿದ್ದರೆ 200 ಮಿ.ಲೀ. ಗೈವಾನ್ ಕೊಳ್ಳುವುದೇ ಜಾಣತನ’ ಎಂಬ ಒಂದು ಸಾಲು ಇತ್ತಲ್ಲ (ಗೈವಾನ್ ಎಂದರೆ ಮುಚ್ಚಳ, ತಟ್ಟೆ ಇರುವ, ಹಿಡಿಯಿಲ್ಲದ ಚೀನೀ ಚಹಾ ಬಟ್ಟಲು), ಅಲ್ಲಿಗೆ ಬರುತ್ತಿದ್ದಂತೆ ನನ್ನ ಬಲಗೈ ಹೆಬ್ಬೆರಳು ಹಳೆಯದನ್ನು ನೆನೆದು ಚುರುಗುಟ್ಟಿತು. ಆ ಸಾಲನ್ನು ನಂಬಿ ಇನ್ನೊಬ್ಬರು ಕೈ ಸುಟ್ಟುಕೊಳ್ಳುವ ಮೊದಲು ಈ ಪತ್ರ ಅಚ್ಚಾದರೆ ಉಪಕಾರ.

ನಾನು ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯಲ್ಲಿ ಫಾರ್ಮಾಸಿಸ್ಟ್ ಆಗಿದ್ದವಳು. ಬಾಟಲಿಯ ಮೇಲೆ ಬರೆದ ಅಳತೆಯನ್ನು ಕಣ್ಣು ಮುಚ್ಚಿ ನಂಬುವುದು ನನ್ನ ಜಾಯಮಾನವಲ್ಲ. ಹಾಗಿದ್ದೂ ನಿವೃತ್ತಿಯ ದಿನ ಮಗಳು ಕೊಟ್ಟ 200 ಮಿ.ಲೀ. ಗೈವಾನನ್ನು, ಅದರ ಬಿಳಿ ಪಿಂಗಾಣಿಯ ಹೊಳಪಿಗೆ ಮರುಳಾಗಿ, ಅಳೆಯದೆಯೇ ಬಳಸಲು ಕುಳಿತೆ. ಕುದಿಯುವ ನೀರನ್ನು ಅಂಚಿನವರೆಗೆ ಸುರಿದೆ. ಮುಚ್ಚಳ ಇಟ್ಟ ಕೂಡಲೇ ನೀರು ಉಕ್ಕಿ ತಟ್ಟೆಗೆ ಇಳಿಯಿತು. ಹೆಬ್ಬೆರಳು ಮತ್ತು ನಡುಬೆರಳಿನಿಂದ ಅಂಚು ಹಿಡಿದು, ತೋರುಬೆರಳನ್ನು ಮುಚ್ಚಳದ ಗುಬುಟಿನ ಮೇಲಿಟ್ಟು ಎತ್ತಿದೆ. ಅರ್ಧ ಬಗ್ಗಿಸುವಷ್ಟರಲ್ಲಿ ಕಿರುಚಿ ಕೈಬಿಟ್ಟೆ. ಬಟ್ಟಲು ಉಳಿಯಿತು, ಮೇಜುಬಟ್ಟೆ ಉಳಿಯಲಿಲ್ಲ. ನಮ್ಮ ಯಜಮಾನರು ಓದುತ್ತಿದ್ದ ನಿಮ್ಮದೇ ಪತ್ರಿಕೆಯನ್ನು ಕೆಳಗಿಳಿಸಿ, “ಇದಕ್ಕೆ ಹಿಡಿಯೇ ಇಲ್ಲವಲ್ಲ, ಇಕ್ಕಳ ತಂದುಕೊಡಲೇ?” ಎಂದು ಕೇಳಿದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವೂ ನಗಬಹುದು. ಕೈ ಪಳಗಿರಲಿಲ್ಲ, ಒಪ್ಪುತ್ತೇನೆ. ಆದರೆ ನೆಲವೂ ಸ್ವಲ್ಪ ಡೊಂಕಾಗಿತ್ತು.

ಗೈವಾನ್ ಎಂಬ ಪದಕ್ಕೆ ಮುಚ್ಚಳದ ಬಟ್ಟಲು ಎಂದಷ್ಟೇ ಅರ್ಥ. ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಚೀನಿಯರು ಹೇಳುತ್ತಾರೆ. ಬಟ್ಟಲಿನ ಬಾಯಿ ಹೂವಿನಂತೆ ಹೊರಕ್ಕೆ ಅರಳಿರುವುದು ಅಂದಕ್ಕೆ ಮಾತ್ರವಲ್ಲ. ನೀರು ಮುಚ್ಚಳ ಕೂರುವ ಗೆರೆಯ ಕೆಳಗೇ ನಿಂತರೆ, ಅದರ ಮೇಲಿನ ತೆಳು ಅಂಚಿಗೆ ಬಿಸಿ ನೀರು ತಾಗುವುದಿಲ್ಲ. ಬೆರಳಿಗೆಂದು ಬಿಟ್ಟ ಜಾಗ ಅದು. ಅಲ್ಲಿಯೂ ನೀರು ತುಂಬಿದರೆ ಹಿಡಿಯಲು ಜಾಗವೇ ಇರುವುದಿಲ್ಲ. ವಿಚಿತ್ರವೆಂದರೆ ಮಾರುವವರು ಬರೆಯುವ ಅಳತೆಯಲ್ಲಿ ಸಾಮಾನ್ಯವಾಗಿ ಈ ಜಾಗವೂ ಸೇರಿರುತ್ತದೆ. ಅಂದರೆ ಪೆಟ್ಟಿಗೆಯ ಮೇಲಿನ ಸಂಖ್ಯೆ ಬಟ್ಟಲಿನದು, ಚಹಾದ್ದಲ್ಲ.

ಬೆರಳಿನ ಬೊಬ್ಬೆ ಇಳಿದ ಮೇಲೆ ನನ್ನ ಹಳೆಯ ಕಸುಬು ಎಚ್ಚೆತ್ತಿತು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆಗೆ ತಂದು, ತಣ್ಣೀರು ಸುರಿದೆ. ಒಂದು ಗ್ರಾಂ ನೀರೆಂದರೆ ಒಂದು ಮಿ.ಲೀ., ಬೇರೆ ಉಪಕರಣ ಬೇಕಿಲ್ಲ. (ಕುದಿಯುವ ನೀರಿನಲ್ಲಿ ಅಳೆಯಬೇಡಿ. ಅದು ತಣ್ಣೀರಿಗಿಂತ ಶೇ 4ರಷ್ಟು ಹಗುರ. ಇದನ್ನು ಹೇಳದಿದ್ದರೆ ನನಗೆ ನಿದ್ರೆ ಬರುವುದಿಲ್ಲ.) ಅಂಚಿನವರೆಗೆ 197 ಬಂತು. ಮುಚ್ಚಳದ ಗೆರೆಯವರೆಗೆ 158. ಆಮೇಲೆ ಕೊಂಡ, ‘120’ ಎಂದು ಬರೆದಿದ್ದ ಎರಡನೆಯ ಬಟ್ಟಲು ಅಂಚಿಗೆ 121, ಗೆರೆಗೆ 97. ಅದರಲ್ಲಿ 5 ಗ್ರಾಂ ಊಲಾಂಗ್ (ಅರೆ ಹುದುಗಿಸಿದ ಚಹಾ) ಹಾಕಿ, ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಬಸಿಯುತ್ತಾ, ಮೂರನೆಯ ಸುತ್ತಿಗೆ ಎಲೆಗಳು ಪೂರ್ತಿ ಬಿಚ್ಚಿಕೊಂಡ ಮೇಲೆ ಬಸಿದು ತೂಗಿದರೆ ಸಿಕ್ಕಿದ್ದು 82. ಊಲಾಂಗಿನಲ್ಲೇ ಒಂದು ಬಗೆಯಾದ, ಉಂಡೆ ಸುತ್ತಿದ ತಿಯೆಗ್ವಾನ್‌ಯಿನ್ ಒಣಗಿದ್ದಾಗ ಬಟ್ಟಲಿನ ತಳವನ್ನಷ್ಟೇ ಮುಚ್ಚುತ್ತದೆ. ಅರಳಿ ನಿಂತಾಗ ಮುಚ್ಚಳವನ್ನೇ ಎತ್ತುವಷ್ಟು ಜಾಗ ಕೇಳುತ್ತದೆ. ಹೀಗೆ 120 ಎಂದು ಕೊಂಡದ್ದು ಕುಡಿಯಲು ಬಂದಾಗ 82.

ಹಾಗಾದರೆ ದೊಡ್ಡದನ್ನೇ ಕೊಳ್ಳಬಹುದಲ್ಲ ಎಂದು ನಿಮ್ಮ ಲೇಖಕರು ಕೇಳಬಹುದು. ಇಲ್ಲೇ ಅವರು ಎರಡು ಊರುಗಳನ್ನು ಒಂದು ಮಾಡಿದ್ದಾರೆ. ಲೇಖನದ ಜೊತೆಗಿದ್ದ ಚಿತ್ರ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನ ಚಹಾಮನೆಯದು. ಉದ್ದ ಮೂತಿಯ ತಾಮ್ರದ ಕೆಟಲ್ ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ಗೈವಾನ್ ಎಂದರೆ ಕುಡಿಯುವ ಬಟ್ಟಲೇ. ತಟ್ಟೆಯ ಸಮೇತ ಎತ್ತಿ, ಮುಚ್ಚಳದಿಂದ ಎಲೆಗಳನ್ನು ಆಚೆ ತಳ್ಳಿ, ಅದೇ ಬಟ್ಟಲಿನಿಂದ ಗುಟುಕರಿಸುತ್ತಾ ಗಂಟೆಗಟ್ಟಲೆ ಹರಟುತ್ತಾರೆ. ಎಲೆ ಕಡಿಮೆ, ನೀರು ಹೆಚ್ಚು, ಬಿಸಿ ನೀರು ಮತ್ತೆ ಮತ್ತೆ ಬೀಳುತ್ತಿರುತ್ತದೆ. ಅಂಥಲ್ಲಿ 200 ಒಪ್ಪುತ್ತದೆ. ಆದರೆ ಲೇಖನದ ಅಕ್ಷರಗಳು ವಿವರಿಸಿದ್ದು ದಕ್ಷಿಣ ಚೀನಾದ ಚಾವೊಜೌ ಕಡೆಯ ಗಾಂಗ್‌ಫು ಪದ್ಧತಿಯನ್ನು. ಅಲ್ಲಿ ಗೈವಾನ್ ಚಹಾ ಇಳಿಸುವ ಪಾತ್ರೆ. ಎಲೆ ಧಾರಾಳ, ನೀರು ಸ್ವಲ್ಪ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಕೊನೆಯ ಹನಿಯವರೆಗೆ ಬಸಿದು ಪುಟ್ಟ ಬಟ್ಟಲುಗಳಿಗೆ ಹಂಚಬೇಕು. ಚಿತ್ರ ಒಂದು ಊರಿನದು, ಮಾತು ಇನ್ನೊಂದು ಊರಿನದು, ಅಳತೆ ಮಾತ್ರ ಚಿತ್ರದ್ದು!

ಬೆರಳು ಸುಟ್ಟುಕೊಂಡವರಲ್ಲಿ ನಾನು ಮೊದಲಿಗಳಲ್ಲ ಎಂಬುದೊಂದು ಸಮಾಧಾನ. ಚಹಾ ಬಟ್ಟಲಿನ ಕೆಳಗೆ ತಟ್ಟೆ ಬಂದ ಬಗ್ಗೆ ಟ್ಯಾಂಗ್ ವಂಶದ ಕಾಲದ (ಎಂಟನೆಯ ಶತಮಾನ) ಒಂದು ಕತೆ ಇದೆ. ಚೆಂಗ್ಡು ಸೀಮೆಯನ್ನು ಆಳುತ್ತಿದ್ದ ಚುಯ್ ನಿಂಗ್ ಎಂಬ ಅಧಿಕಾರಿಯ ಮಗಳು ಬಿಸಿ ಬಟ್ಟಲು ಹಿಡಿಯಲಾರದೆ ಅದನ್ನು ಪುಟ್ಟ ತಟ್ಟೆಯಲ್ಲಿಟ್ಟಳಂತೆ. ಕುಡಿಯುವಾಗ ಬಟ್ಟಲು ಜಾರಿತು. ಆಗ ಅವಳು ಮೇಣ ಕರಗಿಸಿ ತಟ್ಟೆಯ ನಡುವೆ ಉಂಗುರ ಮಾಡಿ ಬಟ್ಟಲನ್ನು ಕೂರಿಸಿದಳಂತೆ. ಆ ಹುಡುಗಿಯ ಮೇಲೆ ನನಗೆ ಬಹಳ ಗೌರವ. ಈಗಿನಂತೆ ಬಿಡಿ ಎಲೆಗೆ ನೀರು ಹಾಕಿ ಇಳಿಸುವ ರೂಢಿ ಬಲವಾಗಿ ಬೇರೂರಿದ್ದು ಅದಕ್ಕಿಂತ ಎಷ್ಟೋ ತಡವಾಗಿ, 1391ರಲ್ಲಿ ಮಿಂಗ್ ವಂಶದ ಹೊಂಗ್‌ವು ಚಕ್ರವರ್ತಿ ಅಚ್ಚೊತ್ತಿದ ಚಹಾ ಬಿಲ್ಲೆಗಳ ಕಾಣಿಕೆಯನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಕೇಳಿದ ಮೇಲೆ.

ಈಗ ಹೊಟ್ಟೆಯ ಲೆಕ್ಕ. ಗಾಂಗ್‌ಫು ರೀತಿಯಲ್ಲಿ ಒಳ್ಳೆಯ ಊಲಾಂಗ್ ಏಳೆಂಟು ಸುತ್ತು ಬರುತ್ತದೆ. ನನ್ನ ಚಿಕ್ಕ ಬಟ್ಟಲಿನಲ್ಲಿ ಸುತ್ತಿಗೆ 82 ಎಂದರೆ ಎಂಟು ಸುತ್ತಿಗೆ 650 ಮಿ.ಲೀ.ಗಿಂತ ಹೆಚ್ಚು. ಇಬ್ಬರಿಗೆ ಬೇಕಾದಷ್ಟಾಯಿತು. ದೊಡ್ಡದರಲ್ಲಿ ಅದೇ ಹದ ಬೇಕೆಂದರೆ 8 ಗ್ರಾಂ ಎಲೆ ಹಾಕಬೇಕು, ಒಂದು ಲೀಟರಿಗೂ ಮೀರಿ ಕುಡಿಯಬೇಕು. ನಾವು ಕುಡಿದು ನೋಡಿದೆವು. ಆರನೆಯ ಸುತ್ತಿಗೆ ಮಾತು ನಿಂತಿತು, ಆ ರಾತ್ರಿ ಇಬ್ಬರೂ ಮೂರು ಗಂಟೆಯವರೆಗೆ ಎಚ್ಚರವಾಗಿದ್ದು ಗೋಡೆ ಗಡಿಯಾರ ಎಣಿಸಿದೆವು. ದೊಡ್ಡ ಬಟ್ಟಲಿಗೆ ಅರ್ಧವೇ ನೀರು ಹಾಕಿದರಾಯಿತು ಎಂದುಕೊಂಡು ಅದನ್ನೂ ಮಾಡಿದೆ. ನೀರು ತಳದಲ್ಲಿ ಹರಡಿ ಬೇಗ ಆರಿತು. ಬಸಿಯಲು ಬಟ್ಟಲನ್ನು ಪೂರ್ತಿ ಬಗ್ಗಿಸಬೇಕಾಯಿತು. ಅಷ್ಟು ಬಗ್ಗಿಸಿದರೆ ಮುಚ್ಚಳ ಜಾರುತ್ತದೆ, ಎಲೆ ರಸದ ಜೊತೆಗೇ ಹೊರಬೀಳುತ್ತದೆ.

ನಾಲ್ವರು ಬಂದರೆ ನಾನು ಮಾಡುವುದು ಇಷ್ಟೇ: ಎರಡು ಸುತ್ತನ್ನು ಬೆನ್ನುಬೆನ್ನಿಗೆ ಒಂದೇ ಗಾಜಿನ ಜಗ್ಗಿಗೆ ಬಸಿಯುತ್ತೇನೆ. 164 ಮಿ.ಲೀ. ಆಯಿತು, 40ರ ನಾಲ್ಕು ಬಟ್ಟಲು ತುಂಬಿದವು. ಮೊದಲ ಸುತ್ತಿನ ಪರಿಮಳ, ಎರಡನೆಯದರ ಗಾಢತೆ ಎರಡೂ ಕೂಡಿ ಒಂದಕ್ಕೊಂದು ಪೂರಕವಾಗುತ್ತವೆ. ಚಾವೊಜೌನ ಹಳಬರಂತೂ ಎಷ್ಟು ಜನ ಕುಳಿತರೂ ಮೂರೇ ಬಟ್ಟಲು ಇಟ್ಟು, ಬಿಸಿ ನೀರಿನಲ್ಲಿ ತೊಳೆದು ತೊಳೆದು ಸರದಿಯಂತೆ ಕೊಡುತ್ತಾರೆ. ಜನ ಹೆಚ್ಚಿದರು ಎಂದು ಪಾತ್ರೆ ಹಿಗ್ಗಿಸುವ ಗೋಜಿಗೆ ಅವರು ಹೋಗುವುದಿಲ್ಲ. ಊಲಾಂಗನ್ನು ಪರೀಕ್ಷಿಸುವ ಚೀನಾದ ರಾಷ್ಟ್ರೀಯ ಮಾನದಂಡ ಕೂಡ ಹೇಳುವುದು 110 ಮಿ.ಲೀ. ಮುಚ್ಚಳದ ಬಟ್ಟಲು, 5 ಗ್ರಾಂ ಎಲೆ.

ಕೈಯ ಮಾತನ್ನು ಯಾರೂ ಬರೆಯುವುದಿಲ್ಲ. ನನ್ನ ದೊಡ್ಡ ಬಟ್ಟಲಿನ ಬಾಯಿ 11 ಸೆಂ.ಮೀ., ಚಿಕ್ಕದರದು 9ಕ್ಕೂ ಕಡಿಮೆ. ಗೆಣ್ಣುಗಳು ಊದಿಕೊಳ್ಳುವ ಈ ವಯಸ್ಸಿನಲ್ಲಿ ಆ ಎರಡು ಸೆಂ.ಮೀ. ಎಂದರೆ ಬೆರಳು ಬಿಗಿಯಾಗಿ ಹಿಡಿಯುವುದಕ್ಕೂ ನಡುಗುವುದಕ್ಕೂ ಇರುವ ವ್ಯತ್ಯಾಸ. ಯಜಮಾನರ ಅಂಗೈ ಅಗಲ, ಅವರಿಗೆ 150ರ ಬಟ್ಟಲೂ ಆಟಿಕೆಯಂತೆ. ಆದ್ದರಿಂದ ಎಲ್ಲರಿಗೂ 120 ಎಂದು ನಾನು ಹೇಳುತ್ತಿಲ್ಲ. ಅಂಗಡಿಯಲ್ಲಿ ಖಾಲಿ ಬಟ್ಟಲನ್ನು ಎತ್ತಿ ತೀರ್ಮಾನಿಸಬೇಡಿ, ಮುಚ್ಚಳದ ಗೆರೆಯವರೆಗೆ ತಣ್ಣೀರು ಕೇಳಿ ಹಾಕಿಸಿ, ಒಂದೇ ಕೈಯಲ್ಲಿ ಪೂರ್ತಿ ಬಸಿದು ನೋಡಿ. ಕೊಡದ ಅಂಗಡಿಯಾದರೆ ಮುಂದಿನದಕ್ಕೆ ನಡೆಯಿರಿ. ಒಬ್ಬರೇ ಕುಡಿಯುವವರಿಗೆ 80ರ ಪುಟಾಣಿಗಳೂ ಸಿಗುತ್ತವೆ. ಅವು ಬೇಗ ಆರುತ್ತವೆ, ಮೊದಲು ಬಿಸಿ ನೀರಿನಿಂದ ಕಾಯಿಸಿಕೊಳ್ಳಬೇಕು. ಡಾನ್‌ಚೊಂಗ್‌ನಂಥ ಉದ್ದ ಎಳೆಯ ಚಹಾ ಇಷ್ಟಪಡುವವರು ಮಾತ್ರ ಸ್ವಲ್ಪ ಅಗಲ ಬಾಯಿಯದನ್ನು ನೋಡಿ, ಇಲ್ಲದಿದ್ದರೆ ಒಣ ಎಲೆಯನ್ನು ಮುರಿದು ತುರುಕಬೇಕಾಗುತ್ತದೆ.

ಮಗಳ ಉಡುಗೊರೆ ಮೂಲೆ ಸೇರಿಲ್ಲ. ದಿನಾ ಸಂಜೆ ಯಜಮಾನರು ಅದರಲ್ಲಿ ಮೂರು ಗ್ರಾಂ ಮಲ್ಲಿಗೆ ಚಹಾ ಹಾಕಿಕೊಂಡು, ಚೆಂಗ್ಡುವಿನವರಂತೆ ತಟ್ಟೆ ಸಮೇತ ಎತ್ತಿ ಕುಡಿಯುತ್ತಾರೆ. ನೀರು ಮುಗಿದಾಗ ಮುಚ್ಚಳವನ್ನು ಬಟ್ಟಲಿಗೆ ಒರಗಿಸಿ ಇಡುತ್ತಾರೆ. ಚೆಂಗ್ಡುವಿನಲ್ಲಿ ಹಾಗಿಟ್ಟರೆ ಮಾಣಿ ಬಂದು ನೀರು ತುಂಬುತ್ತಾನಂತೆ. ನಮ್ಮ ಮನೆಯಲ್ಲಿ ಅವರೇ ಎದ್ದು ಹೋಗಬೇಕು.

ಸಂಪಾದಕರಲ್ಲಿ ನನ್ನದೊಂದು ಬಿನ್ನಹ: ಮುಂದೆ ಇಂಥ ಚಿತ್ರ ಹಾಕುವಾಗ ಕೆಳಗೆ ಆ ಬಟ್ಟಲು ಎಷ್ಟು ಮಿ.ಲೀ., ಅದು ಅಂಚಿನವರೆಗಿನ ಅಳತೆಯೋ ಮುಚ್ಚಳದವರೆಗಿನದೋ, ಎಷ್ಟು ಗ್ರಾಂ ಎಲೆಗೆ ಎಂದು ಒಂದು ಸಾಲು ಮುದ್ರಿಸಿ. ಅಷ್ಟು ಜಾಗವಿಲ್ಲದಿದ್ದರೆ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು, ನಿವೃತ್ತ ಫಾರ್ಮಾಸಿಸ್ಟ್