ತೋರಿಸೋದು ಬೇರೆ, ತೆಗೆಸೋದು ಬೇರೆ

ಗದಗ

ಚಿ. ಸೌ. ಶೈಲಾಗೆ ನಿನ್ನ ಚಿಗವ್ವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆ ಕಟ್ಟಿಸುವುದು, ಹುಡುಗನ ನೌಕರಿ, ಅಕ್ಕನ ಮೊಣಕಾಲು, ಇವೆಲ್ಲ ಫೋನಿನಲ್ಲಿ ಮಾತಾಡಿದ್ದೇ ಆಯಿತು, ಬಿಡು. ಕೊನೆಯ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಅದು ನನಗೆ ನಿದ್ದೆ ಮಾಡಲು ಬಿಡುತ್ತಿಲ್ಲ. "ಮುಟ್ಟು ನಿಂತಿದ್ದರೂ, ಹಾರ್ಮೋನಿನ ಗುಳಿಗೆ ತಗೊಳ್ಳುತ್ತಿರುವಾಗ ಮತ್ತೆ ರಕ್ತ ಕಾಣಿಸಿಕೊಂಡಿದೆ ಚಿಗವ್ವ. ಯಾರಿಗೂ ಹೇಳಿಲ್ಲ. ಡಾಕ್ಟರ್ ಹತ್ತಿರ ಹೋದರೆ ನಿನಗೆ ಮಾಡಿದ ಹಾಗೆ ನನಗೂ ಗರ್ಭಚೀಲ ತೆಗೆದುಬಿಡ್ತಾರೆ ಅಂತ ಹೆದರಿಕೆ."

ನಿಮ್ಮ ಮನೆಗೆ ಫೋನ್ ಮಾಡಿದರೆ ನಿನ್ನ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹರಿದು ಹಾಕಿದರೂ ನಡೆಯುತ್ತದೆ.

ನನ್ನ ಆಪರೇಷನ್ ಕತೆ ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಸ್ವಲ್ಪ ಇದೆ. ಆಗ ನನಗೆ 38 ವರ್ಷ. ಜಾಸ್ತಿ ಹೋಗುತ್ತಿತ್ತು, ನಡುವೆ ಬಿಳಿಸೆರಗು ಬೇರೆ. ಶಾಲೆಯಲ್ಲಿ ಎರಡು ಪೀರಿಯಡ್ ನಿಂತು ಪಾಠ ಮಾಡಿದರೆ ಸೀರೆಯ ಚಿಂತೆ. ಒಂದು ನರ್ಸಿಂಗ್ ಹೋಮಿಗೆ ಹೋದೆವು. ಸ್ಕ್ಯಾನಿಂಗ್ ಇಲ್ಲ, ಒಳಗಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಿಲ್ಲ. ಹೊಟ್ಟೆ ಒತ್ತಿ ನೋಡಿ ಡಾಕ್ಟರು ನನ್ನ ಕಡೆ ತಿರುಗಲೂ ಇಲ್ಲ. ನಿನ್ನ ಕಾಕಾನಿಗೆ ಹೇಳಿದರು: "ಮಕ್ಕಳು ಆಗ್ಯಾವಲ್ರೀ, ಇನ್ನ ಆ ಚೀಲ ಇಟ್ಕೊಂಡು ಏನ್ ಮಾಡ್ತಾರ? ಮುಂದ ಕ್ಯಾನ್ಸರ್ ಆದ್ರ ನನಗ ಕೇಳಬ್ಯಾಡ್ರಿ." ಆ ಮಾತು ಕೇಳಿದ ಮೇಲೆ ಯಾವ ಮನೆಯವರು ಬೇಡ ಅಂತಾರೆ? ಅದೇ ವಾರ ಆಪರೇಷನ್ ಆಯಿತು.

ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದಿದ್ದರು. ಅದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ನಮ್ಮ ಸೊಸೆ ಹಳೇ ಟ್ರಂಕಿನಲ್ಲಿದ್ದ ಡಿಸ್ಚಾರ್ಜ್ ಚೀಟಿ ಓದಿ ಹೇಳಿದಾಗ. ಆಪರೇಷನ್ ಆದ ತಿಂಗಳಲ್ಲೇ ಮೈಗೆ ಬೆಂಕಿ ಹೊತ್ತಿದ ಹಾಗೆ ಝಳ ಏರುತ್ತಿದ್ದದ್ದು, ನಡುರಾತ್ರಿ ಎದ್ದು ಪಡಸಾಲೆಯ ಕಲ್ಲಿನ ಮೇಲೆ ಮಲಗುತ್ತಿದ್ದದ್ದು, ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತಲ್ಲ, ಅದೂ ಬರೀ ಜಾರಿದ್ದಕ್ಕೆ ಮುರಿದದ್ದಲ್ಲ. ಅಷ್ಟು ಬೇಗ ಅಂಡಾಶಯ ಹೋದರೆ ಅದರಲ್ಲಿ ಹುಟ್ಟುವ ಈಸ್ಟ್ರೋಜನ್ ಅನ್ನೋ ಹಾರ್ಮೋನು ಹೋಗುತ್ತದೆ, ಅದು ಹೋದರೆ ಮೂಳೆ ಸವೆಯುತ್ತದೆ. ಹಾರ್ಮೋನಿನ ಗುಳಿಗೆ ಕೊಡಬಹುದಿತ್ತು. ಆಮೇಲೆ ಯಾವಾಗಲೋ ಕೇಳೋಣ ಅಂದುಕೊಂಡಾಗ, 2002ರಲ್ಲಿ ಆ ಗುಳಿಗೆಯ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದು ಅಪಾಯ ಕಂಡು ಅರ್ಧಕ್ಕೆ ನಿಂತ ಸುದ್ದಿ ಬಂದು ಎಲ್ಲರೂ ಆ ಗುಳಿಗೆಯ ಹೆಸರಿಗೇ ಬೆಚ್ಚುತ್ತಿದ್ದ ಕಾಲ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ನನ್ನ ಹಾಗೆ ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಹೋದವರ ಲೆಕ್ಕ ಬೇರೆ ಅಂತ ನನಗೆ ಯಾರೂ ಹೇಳಲಿಲ್ಲ.

ಇಷ್ಟು ಯಾಕೆ ಬರೆದೆ ಅಂದರೆ, ನಿನ್ನ ಹೆದರಿಕೆ ಸುಳ್ಳು ಅಂತ ನಾನು ಯಾವ ಬಾಯಿಂದ ಹೇಳಲಿ? ನಮ್ಮ ಪಕ್ಕದ ರಾಣೆಬೆನ್ನೂರು ಕಡೆಯ ಹೆಂಗಸರು ಬೇಡದೆ ಗರ್ಭಚೀಲ ತೆಗೆದರು ಅಂತ ನ್ಯಾಯ ಕೇಳಿ ಬೀದಿಗೆ ಇಳಿದದ್ದು ನೀನೂ ಪೇಪರಿನಲ್ಲಿ ಓದಿರುತ್ತೀಯ. ಪೇಪರ್ ಮಡಚಿಟ್ಟು ಆವತ್ತು ತುಂಬಾ ಅತ್ತೆ. ನನ್ನ ಹಾಗೆ ಇನ್ನೆಷ್ಟು ಜನ ಅಂತ. 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇಂಥ ಆಪರೇಷನ್ ತಡೆಯಲು ಮಾರ್ಗಸೂಚಿ ತಂದಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ಅಂದರೆ ಈಗ ಕೇಳುವ ಹಕ್ಕು ನಿನಗಿದೆ. ನನಗೆ ಆಗ ಅದು ಹಕ್ಕು ಅಂತಲೂ ಗೊತ್ತಿರಲಿಲ್ಲ.

ಆದರೆ ಶೈಲಾ, ಆ ಹೆದರಿಕೆಗೆ ನೀನು ಮುಚ್ಚಿಟ್ಟುಕೊಂಡು ಕೂತರೆ? ಇದು ನನ್ನನ್ನು ಜಾಸ್ತಿ ಕಾಡುತ್ತಿದೆ. ತೋರಿಸೋದು ಬೇರೆ, ತೆಗೆಸೋದು ಬೇರೆ. ಎರಡನ್ನೂ ನೀನು ಒಂದೇ ಗಂಟು ಮಾಡಿಬಿಟ್ಟಿದ್ದೀಯ.

ಬೆಟಗೇರಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಳು, ನೇಕಾರರ ಮನೆಯವಳು. ಮುಟ್ಟು ನಿಂತು ಆರೇಳು ವರ್ಷವಾದ ಮೇಲೆ ಅವಳಿಗೆ ಕಾಣಿಸಿಕೊಂಡಿತು. "ಉಷ್ಣ ಆಗೇತಿ" ಅಂತ ಹವೀಜದ ನೀರು ಕುಡಿದಳು. ಕಡಿಮೆಯಾದ ಹಾಗೆ ಆಯಿತು, ಮತ್ತೆ ಬಂತು. ಅವಳಿಗೂ ನಿನ್ನದೇ ಹೆದರಿಕೆ. ಅದಕ್ಕೆ ನಾಚಿಕೆಯೂ ಸೇರಿತ್ತು: ಮೊಮ್ಮಕ್ಕಳಿರುವ ಮನೆಯಲ್ಲಿ ಈ ಮಾತು ಹೇಗೆ ಆಡೋದು? ಬೆಳಗ್ಗೆ ಯಾರೂ ಏಳುವ ಮೊದಲು ಬಟ್ಟೆ ಒಗೆದು, ಮಗ್ಗದ ಕೋಣೆಯ ಹಿಂದೆ ಹಳೇ ಸೀರೆಯ ಕೆಳಗೆ ಒಣಗಿಸುತ್ತಿದ್ದಳು. ನನಗೆ ಹೇಳಿದ್ದು ವರ್ಷದ ಮೇಲೆ. ಅಷ್ಟರಲ್ಲಿ ಗರ್ಭಚೀಲದ ಕ್ಯಾನ್ಸರ್ ಹೊರಗೂ ಹರಡಿತ್ತು. ಆ ಕ್ಯಾನ್ಸರ್ ಬಹುಪಾಲು ಹೆಂಗಸರಲ್ಲಿ ಮೊದಲು ರಕ್ತ ಕಾಣಿಸಿಯೇ ಎಚ್ಚರಿಸುತ್ತದೆ, ಬೇಗ ಹಿಡಿದರೆ ಚೆನ್ನಾಗಿ ವಾಸಿಯಾಗುತ್ತದೆ. ಅವಳಿಗೂ ಎಚ್ಚರಿಸಿತ್ತು.

ಇದನ್ನು ಓದಿ ನೀನು ಬೇರೆ ತರಹ ಹೆದರಬೇಡ. ಹೆದರಿಸಲು ಬರೆದದ್ದಲ್ಲ, ಮುಚ್ಚಿಡಬೇಡ ಅನ್ನಲು ಬರೆದೆ. ಮುಟ್ಟು ನಿಂತ ಮೇಲೆ ರಕ್ತ ಹೋಗುವ 10 ಹೆಂಗಸರಲ್ಲಿ ಸುಮಾರು 9 ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಪಾಲಿಪ್ ಅಂತ ಒಳಗೆ ಬೆಳೆಯುವ ಸಣ್ಣ ಮಾಂಸದ ಕುಡಿ ಇರಬಹುದು, ಗಡ್ಡೆ ಇರಬಹುದು, ಒಳಚರ್ಮ ಒಣಗಿ ತೆಳುವಾಗಿರಬಹುದು. ನಿನ್ನ ಹಾಗೆ ಹಾರ್ಮೋನು ತೆಗೆದುಕೊಳ್ಳುವವರಿಗೆ ಬರೀ ಗುಳಿಗೆಯಿಂದಲೇ ಆಗಿರಬಹುದು.

ನಮ್ಮ ಸೊಸೆ ಸ್ಟಾಫ್ ನರ್ಸ್ ಅಲ್ವಾ, ಅವಳನ್ನು ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ, ನನ್ನ ಜೊತೆ ಶಾಲೆಯಲ್ಲಿದ್ದವಳೊಬ್ಬಳಿಗೆ ಹೀಗಾಗಿದೆ ಅಂದೆ. ನನ್ನ ಬಿಪಿ ನೋಡುವ ಲೇಡಿ ಡಾಕ್ಟರನ್ನೂ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ. ದಿನಾ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನೋ ಎರಡೂ ಹಾರ್ಮೋನು ಸೇರಿದ ಗುಳಿಗೆ ಶುರು ಮಾಡಿದಾಗ ಮೊದಲ ಮೂರು ತಿಂಗಳು, ಕೆಲವರಿಗೆ ಆರು ತಿಂಗಳವರೆಗೂ, ನಡುನಡುವೆ ಹನಿ ಕಾಣಿಸುವುದು ಸಾಮಾನ್ಯ. ದೀಪಾವಳಿಯಾದ ಮೇಲೆ ನಿನಗೆ ಕಂಡದ್ದು ಅದೇ ಇರಬೇಕು, ಡಾಕ್ಟರು ಮೊದಲೇ ಹೇಳಿದ್ದರಂತಲ್ಲ. ಆದರೆ ಆರು ತಿಂಗಳು ದಾಟಿದ ಮೇಲೂ ಹೋಗುತ್ತಿದ್ದರೆ, ಅಥವಾ ಪೂರಾ ನಿಂತು ಮತ್ತೆ ಶುರುವಾದರೆ ತೋರಿಸಲೇಬೇಕು. ನಿನ್ನದು ಸಂಕ್ರಾಂತಿಗೆ ನಿಂತಿತ್ತು, ಈಗ ಕಾರಹುಣ್ಣಿಮೆಗೆ ಮತ್ತೆ ಬಂದಿದೆ. ಕಾಯುವ ಲೆಕ್ಕ ಮುಗಿಯಿತು.

ನಿನ್ನ ನೆಗೆಣ್ಣಿ "ನನಗೂ ಪ್ರತಿ ತಿಂಗಳು ಹೋಗ್ತದ, ಅದೇನ್ ದೊಡ್ಡದಲ್ಲ" ಅಂದಳಂತೆ. ಅವಳ ಗುಳಿಗೆ ಬೇರೆ ಇರಬೇಕು. ಇನ್ನೊಂದು ಪದ್ಧತಿಯಲ್ಲಿ ಪ್ರೊಜೆಸ್ಟರಾನ್ ಅನ್ನು ತಿಂಗಳಿಗೆ 12ರಿಂದ 14 ದಿನ ಮಾತ್ರ ಕೊಡುತ್ತಾರೆ, ಅವರಿಗೆ ಅದು ಮುಗಿದ ಮೇಲೆ ಮುಟ್ಟಿನ ಹಾಗೆ ಹೋಗುವುದು ಸರಿಯೇ. ಅವಳದನ್ನು ನಿನಗೆ ಹೋಲಿಸಿಕೊಳ್ಳಬೇಡ.

ಇನ್ನೊಂದು ಮಾತಿಗೆ ನನಗೆ ಎದೆ ಝಲ್ಲೆಂದಿತು. ರಕ್ತ ತರಿಸುವುದು ಪ್ರೊಜೆಸ್ಟರಾನ್, ಅದನ್ನು ಬಿಟ್ಟು ಈಸ್ಟ್ರೋಜನ್ ಒಂದನ್ನೇ ತಗೋ ಅಂತ ಯಾರೋ ಹೇಳಿದರು ಅಂದೆಯಲ್ಲ, ದಯವಿಟ್ಟು ಹಾಗೆ ಮಾಡಬೇಡ. ನನ್ನಂಥ ಗರ್ಭಚೀಲ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ನಿನಗೆ ಎರಡೂ ಬೇಕು. ಈಸ್ಟ್ರೋಜನ್ ಒಂದನ್ನೇ ತಗೊಂಡರೆ ಗರ್ಭಚೀಲದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದೇ ಮುಂದೆ ಕ್ಯಾನ್ಸರಿಗೆ ದಾರಿ ಮಾಡಬಹುದು. ಅದು ಬೆಳೆಯದಂತೆ ತಡೆಯುವುದು ಪ್ರೊಜೆಸ್ಟರಾನ್. ನಿನಗೆ ಶುಗರ್ ಇದೆ, ತೂಕವೂ ಏರಿದೆ. ಇವೆರಡೂ ಇದ್ದವರಿಗೆ ಆ ಅಪಾಯ ಮೊದಲೇ ಸ್ವಲ್ಪ ಜಾಸ್ತಿ. ಬೈಯುತ್ತಿಲ್ಲ ಮಗಳೇ. ತಡ ಮಾಡಬೇಡ ಅನ್ನಲು ಇದೂ ಒಂದು ಕಾರಣ.

ಹೆದರಿಕೆಗೆ ದಿನ ಬಿಟ್ಟು ದಿನ ಗುಳಿಗೆ ನುಂಗುತ್ತಿದ್ದೀಯಂತೆ. ಮದುವೆಗೆ ಹಾವೇರಿಗೆ ಹೋದಾಗ ನಾಲ್ಕು ದಿನ ಮರೆತೆ ಅಂತಲೂ ಬರೆದಿದ್ದೀಯ. ಅದರಿಂದಲೇ ಹೋಗಿರಬಹುದು, ಗುಳಿಗೆ ತಪ್ಪಿದರೆ ರಕ್ತ ಕಾಣಿಸುತ್ತದೆ. ಹಾಗಂತ "ಅದಕ್ಕೇ ಆಗಿದೆ, ಬಿಡು" ಅಂತ ನೀನೇ ತೀರ್ಮಾನ ಮಾಡಿಕೊಳ್ಳಬೇಡ. ಯಾವ ದಿನ ತಪ್ಪಿತು, ಯಾವ ದಿನ ಕಾಣಿಸಿತು, ಹನಿಯೋ ಪ್ಯಾಡ್ ತುಂಬುವಷ್ಟೋ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕು. ಹಾಲಿನ ಲೆಕ್ಕದ ಜೊತೆ ಯಾರಿಗೂ ತಿಳಿಯುವುದಿಲ್ಲ. ರಕ್ತ ಎಲ್ಲಿಂದ ಅಂತಲೂ ನೋಡಿಕೋ. ಮೂಲವ್ಯಾಧಿಯದನ್ನೂ, ಮೂತ್ರದ್ದನ್ನೂ ಎಷ್ಟೋ ಜನ ಇದೇ ಅಂದುಕೊಳ್ಳುತ್ತಾರೆ.

ಡಾಕ್ಟರ್ ಹತ್ತಿರ ಏನು ಮಾಡ್ತಾರೆ ಅಂತ ತಿಳಿದರೆ ನಿನ್ನ ಹೆದರಿಕೆ ಅರ್ಧವಾದರೂ ಇಳಿದೀತು. ಮೊದಲು ಗರ್ಭಕಂಠ ನೋಡುತ್ತಾರೆ. ಆಮೇಲೆ ಒಳಗಿನಿಂದ ಸ್ಕ್ಯಾನಿಂಗ್, ಒಳಪದರ ಎಷ್ಟು ದಪ್ಪ ಇದೆ ಅಂತ ಅಳೆಯಲು. 4 ಮಿ.ಮೀ. ಅಥವಾ ಅದಕ್ಕಿಂತ ತೆಳು ಇದ್ದರೆ ಕ್ಯಾನ್ಸರಿನ ಸಾಧ್ಯತೆ ತೀರಾ ಕಡಿಮೆ. ದಪ್ಪ ಇದ್ದರೆ, ಅಥವಾ ರಕ್ತ ನಿಲ್ಲದೇ ಇದ್ದರೆ, ಸಣ್ಣ ನಳಿಕೆ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಹಳಷ್ಟು ಸಲ ಅಡ್ಮಿಟ್ ಆಗದೆ ಮುಗಿಯುತ್ತದೆ. ಮುಟ್ಟಿನ ಮೊದಲ ದಿನದ ಹಾಗೆ ಕಿಬ್ಬೊಟ್ಟೆ ಹಿಂಡುತ್ತದೆ, ಕೆಲವರಿಗೆ ಜಾಸ್ತಿಯೇ ನೋಯುತ್ತದೆ, ನೋವಿನ ಗುಳಿಗೆ ಮೊದಲೇ ಕೇಳಿಕೋ. ಕ್ಯಾಮೆರಾ ಹಾಕಿ ನೋಡುವುದೂ ಇದೆ, ಪಾಲಿಪ್ ಇದ್ದರೆ ಅದರಲ್ಲೇ ತೆಗೆಯುತ್ತಾರೆ. ಇದರಲ್ಲಿ ಯಾವುದೂ ಗರ್ಭಚೀಲ ತೆಗೆಯುವುದಲ್ಲ. ಎಷ್ಟೋ ಜನಕ್ಕೆ ಗುಳಿಗೆಯ ಪ್ರಮಾಣ ಬದಲಿಸಿದರೆ ಮುಗಿಯಿತು.

ಇಷ್ಟು ಮಾಡಿಸದೆ ಯಾರಾದರೂ "ತೆಗೆಸಿಬಿಡಿ" ಅಂದರೆ ಎದ್ದು ಬಾ. ಇದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ, ಉಳಿದದ್ದು ಕೇಳಿ ತಿಳಿದ ಮಾತು. ರಿಪೋರ್ಟ್ ಕೈಗೆ ಕೊಡಿ ಅನ್ನು, ಬೇರೆ ಕಡೆ ತೋರಿಸುತ್ತೇನೆ ಅನ್ನು. ನಿಮ್ಮ ವಿದ್ಯಾನಗರದಿಂದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ ಎಷ್ಟು ದೂರ? ಅಲ್ಲಿಯ ಸ್ತ್ರೀರೋಗ ವಿಭಾಗದಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಬಹುದು. ಬಯಾಪ್ಸಿ ರಿಪೋರ್ಟಿನಲ್ಲಿ ನಿಜವಾಗಿ ಏನಾದರೂ ಬಂದು, ತೆಗೆಯಲೇಬೇಕು ಅಂದರೆ, ಆವಾಗ ತೆಗೆಸೋಣ. ಕಾರಣ ತಿಳಿದು ತೆಗೆಸಿಕೊಳ್ಳುವುದಕ್ಕೂ ನನಗಾದದ್ದಕ್ಕೂ ಭೂಮಿ ಆಕಾಶದ ಅಂತರ ಇದೆ. ಆಗಲೂ ಅಂಡಾಶಯದ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಇರಲಿ, ಅದು ದೂರದ ಮಾತು, ಬರೆಯಬಾರದಿತ್ತೇನೋ.

ನಿನ್ನ ಅಜ್ಜಿ ಅನ್ನುತ್ತಿದ್ದಳು, "ಹೆಂಗಸರ ಬ್ಯಾನಿ ಗ್ವಾಡಿಗೂ ಕೇಳಿಸಬಾರದು" ಅಂತ. ಅವ್ವನ ಎಷ್ಟೋ ಮಾತು ಈಗಲೂ ಪಾಲಿಸುತ್ತೇನೆ, ಇದೊಂದನ್ನು ಮಾತ್ರ ನಿನ್ನ ತಲೆಯಿಂದ ಕಿತ್ತು ಹಾಕಬೇಕು ಅನ್ನಿಸುತ್ತದೆ. ನಾನು ನಿನಗಾಗಲೀ ನಿನ್ನ ತಂಗಿಗಾಗಲೀ ಮಣಿಕಟ್ಟಿನ ಕತೆಯ ನಿಜ ಹೇಳಲಿಲ್ಲ. ಎಲ್ಲರೂ ಕೂತಿರುವಾಗ ಹೇಗೆ ಹೇಳಲಿ ಅಂತಲೇ ವರ್ಷಗಳು ಹೋದವು.

ಗಂಟೆಗೊಂದು ಪ್ಯಾಡ್ ತೋಯುವಷ್ಟು ಹೋದರೆ, ರಕ್ತ ದೊಡ್ಡದಾಗಿ ಹೆಪ್ಪುಗಟ್ಟಿ ಬಿದ್ದರೆ, ತಲೆ ಸುತ್ತಿದರೆ, ಈ ಪತ್ರವನ್ನೂ ನನ್ನನ್ನೂ ಕಾಯಬೇಡ. ಆ ರಾತ್ರಿಯೇ ಆಸ್ಪತ್ರೆಗೆ ಹೋಗು, ಅತ್ತೆಗೆ ಏನು ಅನ್ನಿಸುತ್ತದೋ ಅನ್ನಿಸಲಿ.

ಹಾಗೇನೂ ಇಲ್ಲದಿದ್ದರೆ ಗುರುವಾರ ನಾನೇ ಬರುತ್ತೇನೆ. ಬೆಳಗಿನ ಬಸ್ಸಿಗೆ ಹೊರಟರೆ ಹತ್ತರೊಳಗೆ ಹುಬ್ಬಳ್ಳಿ. ಚಿಗವ್ವನಿಗೆ ಬಿಪಿ ತೋರಿಸಬೇಕಂತೆ ಅಂತ ಮನೆಯಲ್ಲಿ ಹೇಳು, ಅದು ಸುಳ್ಳೂ ಅಲ್ಲ, ನಿನ್ನ ಜೊತೆ ನಾನೂ ತೋರಿಸಿಕೊಳ್ಳುತ್ತೇನೆ. ಗುಳಿಗೆ ಕೊಟ್ಟ ಡಾಕ್ಟರಿಗೇ ಮೊದಲು ತೋರಿಸೋಣ, ಅವರಿಗೆ ನಿನ್ನ ಹಿಂದಿನದೆಲ್ಲ ಗೊತ್ತಿದೆ. ಬುಧವಾರದೊಳಗೆ ಫೋನ್ ಮಾಡಿ ನಂಬರ್ ಹಚ್ಚಿಸಿಡು. ಒಳಗೆ ಹೋಗುವಾಗ ನಾನು ಜೊತೆಗಿರಬೇಕೋ ಹೊರಗೆ ಕೂರಬೇಕೋ, ಅದು ನಿನ್ನ ಇಷ್ಟ.

ಇಂತಿ
ನಿನ್ನ ಚಿಗವ್ವ

ತಾ.ಕ.: ಬರುವಾಗ ಗುಳಿಗೆಯ ಸ್ಟ್ರಿಪ್ಪನ್ನೇ ಚೀಲದಲ್ಲಿ ಹಾಕಿಕೊ, ಹೆಸರು ಬರೆದುಕೊಂಡರೆ ತಪ್ಪಾಗುತ್ತದೆ. ಶುಗರಿನ ಗುಳಿಗೆ ಮತ್ತು ಆ ಆಯುರ್ವೇದದ ಕಷಾಯದ ಬಾಟಲಿ ಕೂಡ. ಅಲ್ಲಿಯವರೆಗೆ ನೀನಾಗಿಯೇ ನಿಲ್ಲಿಸೋದು, ಅರ್ಧ ಮಾಡೋದು ಏನೂ ಬೇಡ. ಈಗ ಹೇಗೆ ತಗೋಬೇಕು ಅಂತ ನಂಬರ್ ಹಚ್ಚಿಸುವಾಗಲೇ ಅವರನ್ನು ಕೇಳು.