ಗಿಣ್ಣಿನ ಋಣ

ಕಳೆದ ಸೋಮವಾರ ನಸುಕಿನಲ್ಲಿ ನಮ್ಮ ಕೊಟ್ಟಿಗೆಯ ಕಡಸು ಚೊಚ್ಚಲ ಕರು ಹಾಕಿತು. ಬೇಲೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಎರಡೂವರೆ ವರ್ಷಗಳ ಹಿಂದೆ, ಆಷಾಢದ ಮಳೆ ಹಿಡಿದಿದ್ದ ರಾತ್ರಿ ಹುಟ್ಟಿದ ಈ ಕಡಸು, ಗರ್ಭಕೋಶ ಹೊರಬಂದು ರಕ್ತಸ್ರಾವದಿಂದ ತಾಯಿ ಸತ್ತಾಗ ಇನ್ನೂ ಎದ್ದು ನಿಂತಿರಲಿಲ್ಲ. ಅದನ್ನು ಉಳಿಸಿಕೊಟ್ಟವರಿಗೆ ಅಂದು ಸರಿಯಾಗಿ ಒಂದು ಮಾತು ಹೇಳಲೂ ಆಗದ ಕಾರಣ ಇಂದು ಬರೆಯುತ್ತಿದ್ದೇನೆ.

ಮೊದಲ ಋಣ ಎದುರು ಮನೆಯ ಅಕ್ಕನದು. ಹಿಂದಿನ ದಿನ ಈದಿದ್ದ ತಮ್ಮ ಹಸುವಿನಿಂದ ಕರೆದು, ಬೆಲ್ಲ ಏಲಕ್ಕಿ ಹಾಕಿ ಬೇಯಿಸಲೆಂದು ಎತ್ತಿಟ್ಟಿದ್ದ ಎರಡು ಲೀಟರ್ ಗಿಣ್ಣುಹಾಲನ್ನು ಅವರು ಮಳೆಯಲ್ಲೇ ಹೊತ್ತು ತಂದರು. ರೋಗ ತಡೆಯುವ ಶಕ್ತಿ ಕರುವಿಗೆ ಹುಟ್ಟುವಾಗ ಬಂದಿರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಗುಣ ಗಂಟೆಗಂಟೆಗೂ ಕುಂದುತ್ತ ಒಂದು ದಿನದೊಳಗೆ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಒಲೆಯ ಮೇಲಿಟ್ಟರೆ ಗಿಣ್ಣು ಗಟ್ಟಿಯಾಗುವುದೆಂದು ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಹದ ಮಾಡಿದವರೂ ಅವರೇ.

ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿಯಲು ಹೊರಟಿದ್ದ ನನ್ನನ್ನು ತಡೆದು, ಹಾಗೆ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿಯಬಹುದೆಂದು ಎಚ್ಚರಿಸಿ, ಬಾಟಲಿಯನ್ನು ಕೆಚ್ಚಲಿನ ಎತ್ತರಕ್ಕೆ ಹಿಡಿದು ಚೀಪಿಸುವುದನ್ನು ಕಲಿಸಿದ ಪಶುವೈದ್ಯರಿಗೂ ನಾನು ಕೃತಜ್ಞ. ಹೊಕ್ಕುಳಿಗೆ ಅಯೋಡಿನ್ ಹಚ್ಚಿದರು. ಮೂವತ್ತು ಕಿಲೋ ತೂಕದ ಕರುವಿಗೆ ದಿನಕ್ಕೆ ಮೂರು ಲೀಟರ್ ಹಾಲನ್ನು ಮೂರು ಸಲಕ್ಕೆ ಹಂಚಿ, ಮೈಬಿಸಿಯಷ್ಟೇ ಬೆಚ್ಚಗೆ ಕುಡಿಸಲು ಹೇಳಿದರು. ಎಂಟನೆಯ ದಿನ ಭೇದಿ ಹತ್ತಿ ಕಣ್ಣು ಗುಳಿಬಿದ್ದಾಗ, ಹಾಲಿನ ನಡುವೆ ಓಆರ್‌ಎಸ್ ನೀರು ಕುಡಿಸುತ್ತ ಬಚ್ಚಲೊಲೆಯ ಕಾವಿನಲ್ಲಿ ಗೋಣಿಚೀಲ ಹೊದಿಸಿ ರಾತ್ರಿಯಿಡೀ ಕಾದವರು ನಮ್ಮ ಅತ್ತೆ. ಬೆರಳು ಚೀಪಿಸುತ್ತ ಮೆಲ್ಲನೆ ಬಕೆಟ್ಟಿನ ಹಾಲಿಗೆ ಮೂತಿ ಇಳಿಸಿ ಕುಡಿಯಲು ಕಲಿಸಿದವಳು ಮಗಳು. ಆ ಕೆಲಸಕ್ಕೆ ಬೇಕಾದ ತಾಳ್ಮೆ ನನಗಿರಲಿಲ್ಲ.

ಒಂದು ಮಾತನ್ನು ಮುಚ್ಚಿಡಲಾರೆ. ಅದು ಗಂಡುಗರುವಾಗಿದ್ದರೆ ನಾವು ಇಷ್ಟು ಒದ್ದಾಡುತ್ತಿದ್ದೆವೇ ಎಂದು ಅತ್ತೆ ಒಮ್ಮೆ ಕೇಳಿದ್ದರು. ಆಗಲೂ ನಾನು ಉತ್ತರಿಸಲಿಲ್ಲ.

ಈ ಸಲದ ಮೊದಲ ಗಿಣ್ಣನ್ನು ಕರುವೇ ತಾಯಿಯ ಕೆಚ್ಚಲಿಗೆ ಬಾಯಿಟ್ಟು ಕುಡಿಯಿತು. ಮರುದಿನ ಮಿಕ್ಕಿದ್ದನ್ನು ಎದುರು ಮನೆಗೆ ಒಯ್ದಾಗ ಅಕ್ಕ ಪಾತ್ರೆಯ ಮುಚ್ಚಳ ತೆಗೆದು ನೋಡಿ, “ಕರು ಹೊಟ್ಟೆ ತುಂಬ ಕುಡಿದಿದೆ ತಾನೇ?” ಎಂದು ಕೇಳಿ, ಹೌದೆಂದ ಮೇಲೆಯೇ ಒಳಗೆ ತೆಗೆದುಕೊಂಡು ಹೋದರು.